ಗೆಳತಿಯ ಮಗ ಟ್ರಾವೆಲ್ ಟೀಮಿಗೆ ಸೇರಿದ ವರ್ಷ

ನನಗೆ ಹೊಟ್ಟೆಕಿಚ್ಚು ಬಂದಿತ್ತು. ಇದನ್ನ ಸುತ್ತಿ ಬಳಸಿ ಹೇಳೋದು ನನಗೆ ಬರೋದಿಲ್ಲ. ಬೇಜಾರು, ಕಸಿವಿಸಿ, ಸಣ್ಣ ಅಸಮಾಧಾನ ಅಂತೆಲ್ಲ ಒಳ್ಳೊಳ್ಳೆ ಹೆಸರು ಕೊಡಬಹುದು. ಆದರೆ ಊಟಕ್ಕೆ ಕೂತರೆ ಅನ್ನ ಗಂಟಲಲ್ಲಿ ಇಳಿಯದ ಹಾಗೆ ಮಾಡುತ್ತಲ್ಲ, ಅದಕ್ಕೆ ನಮ್ಮ ದಾವಣಗೆರೆ ಕಡೆ ಹೊಟ್ಟೆಕಿಚ್ಚು ಅಂತಲೇ ಅನ್ನೋದು. ಅದೂ ಯಾರ ಮೇಲೆ? ಈ ಊರಲ್ಲಿ ನನಗಿದ್ದ ಒಬ್ಬಳೇ ಗೆಳತಿಯ ಮೇಲೆ.

ಅವಳು ಮೈಸೂರಿನವಳು. ಬೋಲಿಂಗ್‌ಬ್ರೂಕಿನ ನಮ್ಮ ಬಡಾವಣೆಯಲ್ಲೇ ಎರಡು ಬೀದಿ ಆಚೆ ಅವರ ಮನೆ. ನನ್ನ ಹೆರಿಗೆಗೆ ಬರಬೇಕಿದ್ದ ಅಮ್ಮನಿಗೆ ವೀಸಾ ಸಿಗದೇ ಹೋದಾಗ, ಇವಳು ತಾನೇ ಎಂಟು ತಿಂಗಳ ಬಸುರಿ, ದಿನಾ ಬೆಳಿಗ್ಗೆ ಬಂದು ನನ್ನ ತಲೆಗೆ ನೀರು ಹಾಕಿ, ಮೆಣಸಿನ ಸಾರು ಮಾಡಿಟ್ಟು ಹೋಗ್ತಿದ್ದಳು. ತಿಂಗಳು ಕಳೆದು ಅವಳಿಗೂ ಗಂಡು ಮಗುವಾಯ್ತು. ಎರಡೂ ಕೂಸುಗಳನ್ನ ಒಂದೇ ಚಾಪೆ ಮೇಲೆ ಮಲಗಿಸಿ ನಾವಿಬ್ಬರೂ ಕಾಫಿ ಕುಡೀತಿದ್ವಿ. ಅಂಥವಳ ಮೇಲೆ ನನಗೆ ಹೊಟ್ಟೆ ಉರೀತು ಅಂದ್ರೆ ನಾನು ಎಂಥವಳು ಅಂತ ನೀವೇ ಲೆಕ್ಕ ಹಾಕಿಕೊಳ್ಳಿ.

ಹುಡುಗರಿಗೆ ಏಳು ವರ್ಷ ಆದಾಗ ಇಬ್ಬರನ್ನೂ ಪಾರ್ಕಿನ ಬೇಸ್‌ಬಾಲ್ ಲೀಗಿಗೆ ಹಾಕಿದ್ವಿ. ಅಲ್ಲಿ ಹೆಸರು ಕೊಟ್ಟವರೆಲ್ಲ ಆಡಬಹುದು. ನಮಗಿಬ್ಬರಿಗೂ ಆ ಆಟದ ತಲೆಬುಡ ಗೊತ್ತಿರಲಿಲ್ಲ. ಶನಿವಾರ ಶನಿವಾರ ಹುಲ್ಲಿನ ಮೇಲೆ ಕೂತು ಮಂಡಕ್ಕಿ ತಿನ್ನುತ್ತಾ, "ಈಗ ಔಟಾದದ್ದು ಯಾರೇ?" ಅಂತ ಒಬ್ಬರನ್ನೊಬ್ಬರು ಕೇಳೋದು, ಪಕ್ಕದವರು ಚಪ್ಪಾಳೆ ತಟ್ಟಿದಾಗ ನಾವೂ ತಟ್ಟೋದು. ಮೂರು ಬೇಸಿಗೆ ಹಾಗೇ ಕಳೆದವು. ಈ ದೇಶಕ್ಕೆ ಬಂದ ಮೇಲೆ ನಾನು ಅಷ್ಟು ನಕ್ಕಿದ್ದು ಬೇರೆಲ್ಲೂ ಇಲ್ಲ.

ನಾಲ್ಕನೇ ಬೇಸಿಗೆಯ ಕೊನೆಗೆ ಟ್ರಾವೆಲ್ ಟೀಮಿನ ಟ್ರೈಔಟು, ಅಂದರೆ ಆಯ್ಕೆ, ಬಂತು. ಟ್ರಾವೆಲ್ ಟೀಮ್ ಅಂದರೆ ಆರಿಸಿದ ಹುಡುಗರದ್ದು. ವಾರಕ್ಕೆ ಮೂರು ದಿನ ಪ್ರಾಕ್ಟೀಸು, ಚಳಿಗಾಲದಲ್ಲಿ ಒಂದು ವೇರ್‌ಹೌಸಿನೊಳಗೆ ಬಲೆ ಕಟ್ಟಿಕೊಂಡು ಪ್ರಾಕ್ಟೀಸು, ಬೇಸಿಗೆಯಲ್ಲಿ ಪ್ರತಿ ಶನಿವಾರ ಭಾನುವಾರ ಇನ್ಯಾವುದೋ ಊರಲ್ಲಿ ಟೂರ್ನಮೆಂಟು. ಇಬ್ಬರು ಹುಡುಗರನ್ನೂ ಟ್ರೈಔಟಿಗೆ ನನ್ನ ವ್ಯಾನಿನಲ್ಲೇ ಕರಕೊಂಡು ಹೋದೆ. ನನ್ನ ಮಗ ಬಂದ ಬಾಲಿಗೆಲ್ಲ ಬ್ಯಾಟು ಬೀಸಿದ. ಅವಳ ಮಗ ಎಸೆದಾಗ, ವೇಗ ಅಳೆಯೋ ಯಂತ್ರ ಹಿಡಿದಿದ್ದ ಕೋಚು ಪಕ್ಕದವನನ್ನ ಕರೆದು ತೋರಿಸಿದ. ಆಗಲೇ ನನಗೆ ಗೊತ್ತಾಗಿಹೋಯ್ತು.

ಮೂರು ದಿನಕ್ಕೆ ಈಮೇಲ್ ಬಂತು. ಅವಳು ಫೋನು ಮಾಡಿ, "ನಿಮಗೂ ಬಂತೇನೆ?" ಅಂತ ಕೇಳಿದಳು. "ಇನ್ನೂ ನೋಡಿಲ್ಲ ಕಣೆ" ಅಂದೆ. ಅಷ್ಟೊತ್ತಿಗೆ ನಾನದನ್ನ ಒಂಬತ್ತು ಸಲ ಓದಿದ್ದೆ. ಬಂದಿದ್ದಕ್ಕೆ ಧನ್ಯವಾದ, ಮುಂದಿನ ವರ್ಷ ಮತ್ತೆ ಪ್ರಯತ್ನಿಸಿ ಅಂತ ಎರಡೇ ಸಾಲು ಇತ್ತು.

ಮುಂದಿನ ವಾರ ಪಕ್ಕದ ಲೈಲ್ ಊರಿನ ಒಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಊಟದ ಹೊತ್ತಿನಲ್ಲಿ ಒಬ್ಬ ಆಂಟಿ, "ನಿನ್ನ ಮಗನೂ ಟೀಮಿಗೆ ಸೇರಿದನಂತಾ?" ಅಂದರು. ನಾನು ತಟ್ಟನೆ, "ಇಲ್ಲ ಆಂಟಿ, ನಾವೇ ಬೇಡ ಅಂದ್ವಿ. ಶನಿವಾರ ಭಾನುವಾರ ಹೋಟೆಲಲ್ಲಿ ಮಲಗಿಕೊಂಡು, ಕಾರಲ್ಲಿ ಹೋಮ್‌ವರ್ಕ್ ಮಾಡಿಕೊಂಡು, ಮಕ್ಕಳಿಗೆ ಅದೆಲ್ಲ ಯಾಕೆ ಹೇಳಿ" ಅಂದುಬಿಟ್ಟೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಗೆಳತಿ ನನ್ನ ಪಕ್ಕದಲ್ಲೇ ತಟ್ಟೆ ಹಿಡಿದು ನಿಂತಿದ್ದಳು. ನಾನು ಹೇಳಿದ್ದು ಸುಳ್ಳು ಅಂತ ಆ ಮನೆಯಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ನನ್ನ ತಟ್ಟೆಗೆ ಇನ್ನೊಂದು ಸ್ವಲ್ಪ ಸಜ್ಜಿಗೆ ಹಾಕಿದಳು. ಜಗಳಕ್ಕೆ ಬಂದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು.

ಆಮೇಲೆ ಟ್ರಾವೆಲ್ ಟೀಮನ್ನ ಬಯ್ಯೋದೇ ನನ್ನ ಕೆಲಸವಾಯ್ತು. ಆ ಹುಡುಗ ಕನ್ನಡ ಕ್ಲಾಸಿಗೆ ಬರೋದು ನಿಲ್ಲಿಸಿದ ಅಂತ ಒಂದು ದಿನ, ನನ್ನ ಮಗನ ಬರ್ತ್‌ಡೇಗೆ ಬರಲಿಲ್ಲ ಅಂತ ಒಂದು ದಿನ. ಹನ್ನೊಂದು ವರ್ಷದ ಮಗುವನ್ನ ದುಡಿಯೋಕೆ ಹಚ್ಚಿದಾರೆ ಅಂತಲೂ ಅಂದೆ. ನಮ್ಮ ಯಜಮಾನರು ಪೇಪರ್ ನೋಡುತ್ತಲೇ, "ಹಾಗಾದ್ರೆ ನಾವ್ಯಾಕೆ ಟ್ರೈಔಟಿಗೆ ಕಳಿಸಿದ್ವಿ?" ಅಂದರು. ಇವರಿಗೆ ಎಲ್ಲಿ ಮಾತಾಡಬೇಕು, ಎಲ್ಲಿ ಬಾಯಿ ಮುಚ್ಚಿಕೊಂಡಿರಬೇಕು ಅನ್ನೋದು ಇವತ್ತಿಗೂ ಗೊತ್ತಿಲ್ಲ.

ಬಯ್ದದ್ದೆಲ್ಲ ಸುಳ್ಳಲ್ಲ. ಆದರೆ ಬಯ್ಯದೆ ನುಂಗಿಕೊಂಡದ್ದೂ ಇತ್ತು. ಆ ಹುಡುಗ ಬದಲಾಗಿದ್ದ. ಮೊದಲೆಲ್ಲ ಅಮ್ಮನ ಹಿಂದೆ ಅಡಗಿಕೊಳ್ಳುತ್ತಿದ್ದವನು ಈಗ ದೊಡ್ಡವರ ಮುಖ ನೋಡಿ ಮಾತಾಡುತ್ತಿದ್ದ. ತನ್ನ ಬ್ಯಾಗು ತಾನೇ ಹೊರುತ್ತಿದ್ದ, ನಮ್ಮ ಮನೆಗೆ ಬಂದರೆ ಹಾಲು ಕುಡಿದ ಲೋಟ ತಾನೇ ತೊಳೆದಿಡುತ್ತಿದ್ದ. ಸೋತು ಬಂದ ದಿನ ಯಾರ ಮೇಲೂ ಸಿಡುಕುತ್ತಿರಲಿಲ್ಲವಂತೆ. ನನ್ನ ಮಗ ಸಾಕ್ಸು ಎಲ್ಲಿ ಅಂತ ಇನ್ನೂ ನನ್ನನ್ನೇ ಕೇಳುತ್ತಿದ್ದ. ಆ ಹುಡುಗ ತೊಳೆದಿಟ್ಟ ಲೋಟವನ್ನ ನಾನು ಮತ್ತೊಂದು ಸಲ ತೊಳೆಯುತ್ತಿದ್ದೆ.

ಅವಳು ವಾಟ್ಸಾಪಿಗೆ ಹಾಕಿದ ಫೋಟೋಗಳನ್ನ ಬೆರಳಲ್ಲಿ ದೊಡ್ಡದು ಮಾಡಿ ನೋಡುತ್ತಿದ್ದೆ. ಹಿಂದೆ ಕೂತಿರೋ ಬಿಳಿ ಹೆಂಗಸರ ಜೊತೆ ಇವಳು ನಗುತ್ತಾ ಇದ್ದಾಳಾ, ಅವರೇ ಈಗ ಇವಳ ಗೆಳತಿಯರಾ ಅಂತ ಹುಡುಕುತ್ತಿದ್ದೆ. ಮಗ ಟೀಮಿಗೆ ಸೇರಲಿಲ್ಲ ಅನ್ನೋದು ಅರ್ಧ ನೋವು. ಇವಳು ನನ್ನನ್ನ ಬಿಟ್ಟು ಹೋದಳು ಅನ್ನೋದು ಇನ್ನರ್ಧ. ನಮ್ಮ ಶನಿವಾರಗಳನ್ನ ಅವರು ಕಿತ್ತುಕೊಂಡಿದ್ದರು.

ಒಂದು ಸಂಜೆ, ಪಾರ್ಕಿನ ಲೀಗಿನಲ್ಲೇ ಆಡಿಕೊಂಡಿದ್ದ ಮಗನನ್ನ ಮನೆ ಮುಂದಿನ ಡ್ರೈವ್‌ವೇನಲ್ಲಿ ನಿಲ್ಲಿಸಿ, ಯೂಟ್ಯೂಬ್ ನೋಡಿ ಕಲಿತದ್ದನ್ನೆಲ್ಲ ಅವನ ಮೇಲೆ ಹೇರಿದೆ. ಮೊಣಕೈ ಎತ್ತು, ಕಾಲು ಮುಂದಿಡು, ಇನ್ನೂ ಜೋರಾಗಿ ಎಸಿ. ಅರ್ಧ ಗಂಟೆ ತಡಕೊಂಡು ಅವನು, "ಅಮ್ಮಾ, ಐ ಲೈಕ್ ಮೈ ಟೀಮ್" ಅಂದ. ನಿನ್ನ ಫ್ರೆಂಡನ್ನ ನೋಡಿ ಕಲಿ ಅಂದೆ. "ಹೀ ಈಸ್ ಜಸ್ಟ್ ಬೆಟರ್, ಅಮ್ಮ. ಇಟ್ಸ್ ಓಕೆ" ಅಂದು ಒಳಗೆ ಹೋದ. ಅವನಿಗೆ ಒಂಚೂರೂ ಹೊಟ್ಟೆಕಿಚ್ಚಿಲ್ಲ. ಅದು ಅವರಪ್ಪನ ಕಡೆಯ ಗುಣ ಅಂತ ಅದಕ್ಕೂ ಸಿಟ್ಟು ಬಂತು.

ಜೂನ್ ತಿಂಗಳಲ್ಲಿ ಡೆಟ್ರಾಯಿಟ್ ಕಡೆ ಅವರದೊಂದು ದೊಡ್ಡ ಟೂರ್ನಮೆಂಟು. ನನ್ನ ನಾದಿನಿ ಮನೆ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ. ನಾವು ಹೇಗೂ ಆ ವಾರ ಅಲ್ಲಿಗೆ ಹೊರಟಿದ್ವಿ. "ಭಾನುವಾರ ಬಂದು ಹೋಗ್ರೇ, ಅವನಿಗೂ ಖುಷಿಯಾಗುತ್ತೆ" ಅಂದಳು ಗೆಳತಿ. ಬೇಡ ಅಂದರೆ ಸಣ್ಣವಳಾಗ್ತೀನಿ ಅಂತ ಹೂಂ ಅಂದೆ. ಮಿಶಿಗನ್ನಿನ ಗಡಿಯಾರ ನಮಗಿಂತ ಒಂದು ಗಂಟೆ ಮುಂದೆ ಅಂತ ಗೊತ್ತಿದ್ದೂ ಮರೆತವಳ ಹಾಗೆ ತಡ ಮಾಡಿಕೊಂಡೇ ಮೈದಾನಕ್ಕೆ ಹೋದೆ.

ಅವಳಿಗೆ ಈಗ ಆಟ ಪೂರ್ತಿ ಗೊತ್ತಿತ್ತು. ಮಡಚೋ ಕುರ್ಚಿ, ಮೇಲೆ ನೆರಳಿಗೆ ಡೇರೆ, ತಲೆ ಮೇಲೆ ಟೀಮಿನ ಟೋಪಿ. ನಿನ್ನೆ ಬೆಳಿಗ್ಗೆ ಅವನು ಪಿಚ್ ಮಾಡಿದ, ಅಂದರೆ ಬ್ಯಾಟು ಹಿಡಿದವನಿಗೆ ಬಾಲು ಎಸೆಯೋ ಮುಖ್ಯ ಕೆಲಸ ಅವನದೇ, ಮಧ್ಯಾಹ್ನ ಬ್ಯಾಟು ಹಿಡಿದವನ ಹಿಂದೆ ಬಾಲು ಹಿಡಿಯೋ ಕ್ಯಾಚರ್ ಆಗಿ ಕೂತ, ಇವತ್ತು ಸೆಮಿಫೈನಲ್ಲಿಗೆ ಮತ್ತೆ ಪಿಚ್ ಮಾಡ್ತಾನೆ ಅಂತೆಲ್ಲ ಹೇಳಿದಳು. ಹುಡುಗ ನಡುವಿನ ಮಣ್ಣಿನ ದಿಬ್ಬದ ಮೇಲೆ ನಿಂತು ನಮ್ಮನ್ನ ನೋಡಿ ಗ್ಲೌಸ್ ಎತ್ತಿದ. ಆಮೇಲೆ ಒಬ್ಬರ ಹಿಂದೆ ಒಬ್ಬರನ್ನ ಔಟ್ ಮಾಡಿದ. ಅಕ್ಕಪಕ್ಕದ ಅಪ್ಪಂದಿರು ಎದ್ದು ನಿಂತು ಅವನ ಹೆಸರು ಕೂಗುತ್ತಿದ್ದರು. ನನ್ನ ಮಗನೂ ಬೇಲಿ ಹಿಡಿದು ಕೂಗುತ್ತಿದ್ದ. ಇವಳು ನನ್ನ ಮೊಣಕಾಲು ಹಿಡಿದು ಅದುಮಿದಳು. ಅವಳ ಕೈ ನನ್ನ ಮೇಲೆ ಇರುವಾಗಲೇ ನಾನು ಮನಸ್ಸಿನಲ್ಲಿ, ಇವನ ಕೈ ಒಂದು ಸಲ ಸೋಲಲಿ ಅಂದುಕೊಂಡೆ. ಸುಮ್ಮನೆ ಬಂದ ಯೋಚನೆಯಲ್ಲ, ಮಾತು ಜೋಡಿಸಿ, ದೇವರಿಗೆ ಹೇಳೋ ಹಾಗೆ ಹೇಳಿಕೊಂಡೆ.

ಅದಾಗಿ ಮೂರೋ ನಾಲ್ಕೋ ಬಾಲು. ಹುಡುಗ ಎಸೆದವನೇ ಮೊಣಕೈ ಹಿಡಿದು ಅಲ್ಲೇ ಕುಕ್ಕರಗಾಲಲ್ಲಿ ಕೂತ. ಕೋಚು ಓಡಿದ, ಇವಳು ಓಡಿದಳು. ಬೇಲಿ ಆಚೆಯಿಂದ ಅವನು "ಅಮ್ಮ" ಅಂದದ್ದು ಕೇಳಿಸಿತು. ಅಷ್ಟು ಎತ್ತರ ಬೆಳೆದಿದ್ದವನ ದನಿ ಸಣ್ಣ ಮಗುವಿನದಾಗಿತ್ತು. ನಾನು ಕುರ್ಚಿಯಿಂದ ಏಳಲಿಲ್ಲ. ಐಸ್ ಇಟ್ಟು ಅವನನ್ನ ಕಾರಿಗೆ ಕರಕೊಂಡು ಹೋದ ಮೇಲೆ, ಟ್ರಾಫಿಕ್ ಆಗುತ್ತೆ ಅಂತ ನೆಪ ಹೇಳಿ ನಮ್ಮವರನ್ನೆಲ್ಲ ಊರಿಗೆ ಹೊರಡಿಸಿದೆ. ಐದು ಗಂಟೆಯ ದಾರಿಯಲ್ಲಿ ಫೋನನ್ನ ಬ್ಯಾಗಿನಿಂದ ಹೊರಗೆ ತೆಗೀಲಿಲ್ಲ.

ಬೆಳೆಯೋ ಮೂಳೆಗೆ ಪೆಟ್ಟು ಅಂದರಂತೆ ಡಾಕ್ಟರು. ಒಂದೇ ದಿನದಲ್ಲಿ ಆದದ್ದಲ್ಲ, ಎಸೆದೂ ಎಸೆದೂ ಆದದ್ದು. ಮೂರು ವಾರದಿಂದ ನೋಯುತ್ತಿತ್ತಂತೆ, ಹೇಳಿದರೆ ಆಡಿಸದೆ ಹೊರಗೆ ಕೂರಿಸಿಬಿಡ್ತಾರೆ ಅಂತ ಹುಡುಗ ಬಾಯಿ ಬಿಟ್ಟಿರಲಿಲ್ಲ. ಮೂರು ತಿಂಗಳು ಬಾಲು ಮುಟ್ಟೋ ಹಾಗಿಲ್ಲ. ಕೂಡಿಕೊಳ್ಳದೇ ಹೋದರೆ ಆಪರೇಷನ್ನು, ಆಮೇಲೆ ಪಿಚ್ ಮಾಡ್ತಾನೋ ಇಲ್ಲವೋ ಹೇಳೋಕಾಗಲ್ಲ. ಇಷ್ಟೆಲ್ಲ ನನಗೆ ಗೊತ್ತಾದದ್ದು ನನ್ನ ಮಗನಿಂದ. ಅವನು ದಿನಾ ಹೋಗಿ ಗೆಳೆಯನ ಜೊತೆ ಕೂತು ಬರುತ್ತಿದ್ದ. ನಾನು ಹೋಗಲಿಲ್ಲ. ಮೂರು ವಾರದ ನೋವಿಗೂ ನನ್ನ ಮೂರು ನಿಮಿಷದ ಯೋಚನೆಗೂ ಏನು ಸಂಬಂಧ ಅಂತ ನನಗೆ ನಾನೇ ನೂರು ಸಲ ಹೇಳಿಕೊಂಡೆ. ಇಂಜಿನಿಯರಿಂಗ್ ಓದಿದವಳು ನಾನು. ಆದರೂ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳೋ ಹಾಗೆ, ಅವಳ ಹೆಸರು ಫೋನಿನಲ್ಲಿ ಬಂದರೆ ಎತ್ತೋಕೆ ಕೈ ಬರುತ್ತಿರಲಿಲ್ಲ.

ಹತ್ತನೇ ದಿನ, ಮಂಗಳವಾರ, ಅವಳೇ ಮೆಸೇಜು ಹಾಕಿದಳು. "ಸಂಜೆ ಬಾರೆ. ಮಗೂಗೆ ದೃಷ್ಟಿ ತೆಗಿಬೇಕು. ನನಗೆ ಸರಿಯಾಗಿ ಬರಲ್ಲ."

ದೃಷ್ಟಿ ತೆಗೆಯೋದು ನನಗೆ ನಮ್ಮಜ್ಜಿ ಕಲಿಸಿದ್ದು. ಹುಡುಗರಿಬ್ಬರೂ ಕೂಸುಗಳಾಗಿದ್ದಾಗ ಅತ್ತರೆ, ಹಾಲು ಕಕ್ಕಿದರೆ, ಇಬ್ಬರಿಗೂ ನಾನೇ ತೆಗೆಯುತ್ತಿದ್ದೆ. ಹೋಗದೇ ಇರೋ ಹಾಗಿರಲಿಲ್ಲ. ದೀಪ ಹಚ್ಚೋ ಹೊತ್ತಿಗೆ ಹೋದೆ.

ಒಳಗೆ ಮೆಣಸಿನಕಾಯಿ ಸುಟ್ಟರೆ ಸ್ಮೋಕ್ ಅಲಾರಂ ಕೂಗುತ್ತೆ ಅಂತ ಅವಳು ಹಿತ್ತಲಿನ ಗ್ರಿಲ್ ಒಲೆ ಹಚ್ಚಿ, ಅದರ ಮೇಲೆ ಹಳೇ ಬಾಣಲೆ ಇಟ್ಟಿದ್ದಳು. ಹುಡುಗ ಪೂರ್ವಕ್ಕೆ ಮುಖ ಮಾಡಿ ಮೆಟ್ಟಿಲ ಮೇಲೆ ಕೂತಿದ್ದ, ನೋವಿನ ಕೈ ಕತ್ತಿಗೆ ಕಟ್ಟಿದ ಬಟ್ಟೆಪಟ್ಟಿಯಲ್ಲಿತ್ತು. "ಹಾಯ್ ಆಂಟಿ. ಡು ಐ ಕ್ಲೋಸ್ ಮೈ ಐಸ್?" ಅಂದ. ಬೇಡಪ್ಪ ಅಂದೆ. ಕಲ್ಲುಪ್ಪು, ಸಾಸಿವೆ, ಏಳು ಒಣಮೆಣಸಿನಕಾಯಿ ಬಲಗೈ ಮುಷ್ಟಿಯಲ್ಲಿ ಹಿಡಿದು ತಲೆಯಿಂದ ಕಾಲವರೆಗೆ ಇಳಿಸತೊಡಗಿದೆ. ನಾಯಿ ಕಣ್ಣು, ನರಿ ಕಣ್ಣು, ಹಾದಿ ಕಣ್ಣು, ಬೀದಿ ಕಣ್ಣು, ಕಂಡವರ ಕಣ್ಣು, ಕಾಣದವರ ಕಣ್ಣು. ಮುಂದಿನದು ಅಕ್ಕಪಕ್ಕದವರ ಕಣ್ಣು. ಅದನ್ನ ನುಂಗಿ, ಎಲ್ಲಾ ಸುಟ್ಟು ಹೋಗಲಿ ಅಂತ ಮುಗಿಸಿದೆ.

ಗೆಳತಿ ಗ್ರಿಲ್ ಪಕ್ಕ ಕೈಕಟ್ಟಿ ನಿಂತಿದ್ದಳು. "ಒಂದು ಬಿಟ್ಟೆ ಕಣೆ" ಅಂದಳು.

ನಾನು ಅವಳ ಮುಖ ನೋಡಲಿಲ್ಲ.

"ನಿನ್ನ ಕಣ್ಣು ಅಂತಲೂ ಹೇಳು" ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಉಪ್ಪು ಕಮ್ಮಿಯಾಗಿದೆ ಹಾಕು ಅನ್ನೋ ಹಾಗೆ ಅಂದಳು. "ಕಣ್ಣು ಯಾರದೋ ಅವರೇ ತೆಗೆದರೆ ಪೂರ್ತಿ ಹೋಗುತ್ತೆ ಅಂತಾರೆ ನಮ್ಮಮ್ಮ. ನಾನು ವರ್ಷದಿಂದ ನೋಡ್ತಾ ಇದೀನಿ. ನೀನಾಗೇ ಹೇಳ್ತೀಯ ಅಂತ ಕಾದೆ. ಈಗ ನನ್ನ ಮಗನ ಕೈ ವಾಸಿಯಾಗಬೇಕು, ಅದಕ್ಕೇ ಕರೆಸಿದ್ದು."

ಮತ್ತೆ ತಲೆಯಿಂದ ಇಳಿಸಿದೆ. ನಾಯಿ ಕಣ್ಣು, ನರಿ ಕಣ್ಣು, ಅಕ್ಕಪಕ್ಕದವರ ಕಣ್ಣು, ನನ್ನ ಕಣ್ಣು ಅಂದೆ. ಅವಳಿಗೂ ಕೇಳೋ ಹಾಗೆ ಇನ್ನೊಂದು ಸಲ, ನನ್ನ ಕಣ್ಣು ಅಂದೆ. ಹುಡುಗ ತಲೆ ಎತ್ತಿ ನನ್ನನ್ನ ನೋಡಿದ. ಅವನಿಗೆ ಅಷ್ಟು ಕನ್ನಡ ಚೆನ್ನಾಗಿ ಬರುತ್ತೆ.

ಇಳಿಸಿಯಾದ ಮೇಲೆ ದೃಷ್ಟಿಯಾದವರು ಆ ಮುಷ್ಟಿಗೆ ಮೂರು ಸಲ ಉಗಿಯಬೇಕು. ಸಣ್ಣವನಿದ್ದಾಗ ಅವನಿಗೆ ಅದೇ ಬಹಳ ಇಷ್ಟವಾಗಿತ್ತು. ನಾನು ಮುಷ್ಟಿಯನ್ನ ಅವನ ಬಾಯಿ ಹತ್ತಿರ ಹಿಡಿದೆ. ಅವನು ಹಿಂದೆ ಸರಿದು ಅಮ್ಮನ ಕಡೆ ನೋಡಿದ. ಅವಳು ಉಗಿ ಅನ್ನೋ ಹಾಗೆ ತಲೆಯಾಡಿಸಿದಳು. ಅವನು ಮತ್ತೆ ನನ್ನ ಕಡೆ ನೋಡಿ, "ಸಾರಿ, ಆಂಟಿ" ಅಂದು, ನನ್ನ ಕೈಗೆ ಮೂರು ಸಲ ಉಗಿದ.