ಮೈಕಮ್ಮ ಮತ್ತು ಖಾಲಿ ಆಸನದ ಕೆಂಪು ದೀಪ

ಆ ಸುದ್ದಿ ಬಂದ ದಿನವೂ ಮೈಕಮ್ಮ ಎಂದಿನಂತೆ ಬೆಳಕು ಹರಿಯುವ ಮೊದಲೇ ಸದನದೊಳಗೆ ಇದ್ದಾರೆ. ಅರ್ಧ ದೀಪಗಳು ಮಾತ್ರ ಹೊತ್ತಿವೆ. ಮೇಲಿನ ಗಾಜಿನ ಕೋಣೆಯಲ್ಲಿ ಎಲ್ಲ ಗುಂಡಿಗಳನ್ನೂ ಒತ್ತಿಟ್ಟು ಕೆಳಗಿಳಿದು ಬಂದಿದ್ದಾರೆ. ಒಂದೊಂದೇ ಆಸನದ ಮುಂದೆ ನಿಂತು, ಕೊಕ್ಕರೆಯ ಕೊರಳಿನಂತೆ ಬಾಗಿದ ಮೈಕಿಗೆ ಬಾಯಿ ಹತ್ತಿರ ತಂದು ಒಂದೇ ಮಾತು ಆಡುತ್ತಾರೆ: "ಕೇಳಿಸ್ತಿದೆಯಾ?" ದೂರದ ಬಾಗಿಲಲ್ಲಿ ನಿಂತ ಮಾರ್ಷಲ್ ಕೈ ಎತ್ತುತ್ತಾರೆ. ಕೈ ಎದ್ದರೆ ಆ ಮೈಕು ಸರಿ ಇದೆ ಎಂದು ಅರ್ಥ. ಮುಂದಿನ ಆಸನ, ಮತ್ತೆ ಅದೇ ಮಾತು.

ಹಿಂದಿನ ಸಾಲಿನ ತುದಿಯ ಆಸನಕ್ಕೆ ಬಂದಾಗ ಕೈ ಏಳುವುದಿಲ್ಲ. ಮೈಕಮ್ಮ ಬೆರಳಿನಿಂದ ತಟ್ಟುತ್ತಾರೆ, ಕೊರಳು ತಿರುವಿ ನೋಡುತ್ತಾರೆ, ಮೇಜಿನ ಕೆಳಗೆ ಬಗ್ಗಿ ತಂತಿ ಜಗ್ಗುತ್ತಾರೆ. "ಏನ್ ಮಾರ್ಷಲಣ್ಣ, ನಿಂತಲ್ಲೇ ನಿದ್ದೇನಾ? ಕೇಳಿಸ್ತಿದೆಯಾ ಇಲ್ವಾ?"

ಮಾರ್ಷಲ್ ಕಿವಿಯಿಂದ ಫೋನು ತೆಗೆದು ನಿಧಾನವಾಗಿ ನಡೆದು ಬರುತ್ತಾರೆ. ಟೋಪಿ ಕೈಯಲ್ಲಿದೆ.

"ಮೈಕ್ ಸರಿಯಾಗೇ ಇದೆ ಕಣಮ್ಮ. ಅಜ್ಜ ಹೋಗ್ಬಿಟ್ರಂತೆ. ರಾತ್ರಿ ಮಲಗಿದೋರು ಏಳಲೇ ಇಲ್ವಂತೆ."

ಆ ತುದಿಯ ಆಸನ ಅಜ್ಜನದೇ; ಸದನದ ಆ ಹಿರಿಯ ಸದಸ್ಯರನ್ನು ಸಿಬ್ಬಂದಿಯೆಲ್ಲ ಕರೆಯುವುದು ಹಾಗೆ. ಮೈಕಮ್ಮ ಅದರ ಪಕ್ಕದ ಮೆಟ್ಟಿಲ ಮೇಲೆ ಕೂರುತ್ತಾರೆ. ಆಸನದ ಮೇಲೆ ಕೂರುವಂತಿಲ್ಲ; ಇಷ್ಟು ವರ್ಷಗಳ ಸೇವೆಯಲ್ಲಿ ಒಂದು ದಿನವೂ ಯಾವ ಸದಸ್ಯರ ಆಸನದಲ್ಲೂ ಅವರು ಕೂತವರಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು ಮುಂದಿನ ಸಾಲಿಗೆ ಹೋಗುತ್ತಾರೆ. "ಉಳಿದೋರು ಮಾತಾಡ್ಬೇಕಲ್ಲಣ್ಣ," ಎನ್ನುತ್ತಾರೆ. "ಅಜ್ಜನ ಬಗ್ಗೆನೇ ಮಾತಾಡ್ತಾರೆ ಇವತ್ತು. ಮೈಕ್ ಕೈಕೊಟ್ರೆ ಚೆನ್ನಾಗಿರಲ್ಲ."

ಸದನದಲ್ಲಿ ಜನಪ್ರತಿನಿಧಿಗಳು ಪ್ರಶ್ನೆ ಕೇಳುತ್ತಾರೆ, ಸಚಿವರು ಉತ್ತರಿಸುತ್ತಾರೆ. ಮರುದಿನದ ಪತ್ರಿಕೆಯಲ್ಲಿ ಇಬ್ಬರ ಚಿತ್ರವೂ ಬರುತ್ತದೆ. ಕೇಳಿದ್ದು ಕೇಳಿಸುವಂತೆ ಮಾಡಿದ ಈ ಹೆಣ್ಣುಮಗಳ ಚಿತ್ರ ಎಲ್ಲಿಯೂ ಬರುವುದಿಲ್ಲ. ಸಭಾಧ್ಯಕ್ಷರು ಯಾರನ್ನು ಕರೆಯುತ್ತಾರೋ ಅವರ ಮುಂದಿನ ಮೈಕಿಗೆ ಜೀವ ಕೊಡುವುದು, ಅವರು ಕೂತೊಡನೆ ತೆಗೆಯುವುದು ಮೈಕಮ್ಮನ ಕೆಲಸ. ಮೈಕಿಗೆ ಜೀವ ಬಂದರೆ ಅದರ ಕೊರಳ ಸುತ್ತ ಸಣ್ಣ ಕೆಂಪು ದೀಪ ಹೊತ್ತುತ್ತದೆ. ಕರೆಯದವರ ದೀಪ ಹೊತ್ತಬಾರದು. ಅಲ್ಲಿಗೆ ಅವರ ಶಾಸ್ತ್ರವೆಲ್ಲ ಮುಗಿಯಿತು.

"ಆಡಳಿತದೋರು ನನ್ನನ್ನ ವಿರೋಧದೋರ ಕಡೆ ಅಂತಾರೆ. ವಿರೋಧದೋರು ಆಡಳಿತದ ಕಡೆ ಅಂತಾರೆ," ಎಂದು ಮೈಕಮ್ಮ ನಗುತ್ತಾರೆ. "ಇಬ್ರೂ ಬೈದ ದಿನ ಕೆಲಸ ನೆಟ್ಟಗೆ ಆಗಿದೆ ಅಂತ ನೆಮ್ಮದಿಯಾಗಿ ಮನೆಗೆ ಹೋಗ್ತೀನಿ."

ಮೈಕಮ್ಮನ ಅಪ್ಪ ರೇಡಿಯೋ ರಿಪೇರಿಯ ಸಣ್ಣ ಅಂಗಡಿ ಇಟ್ಟಿದ್ದರು. ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳಿಗೆ ರೋಗಿಗಳ ಆರೈಕೆಯ ಮನಸ್ಸು, ಚಿಕ್ಕವಳಿಗೆ ಬೆಸುಗೆ ಕಡ್ಡಿಯ ಹುಚ್ಚು. ಚಿಕ್ಕವಳು ದಿನಗೂಲಿಯ ಮೇಲೆ ತಂತಿ ಎಳೆಯಲು ಈ ಕಟ್ಟಡಕ್ಕೆ ಬಂದಳು. ಕಾಯಂ ಆಗುವಷ್ಟರಲ್ಲಿ ಮಗಳ ಮದುವೆಯೂ ಮುಗಿದಿತ್ತು. ಗಾಜಿನ ಕೋಣೆಗೆ ಹೊರಗಾಳಿ ಬರುವ ಕಿಟಕಿಯಿಲ್ಲ. ಸದನ ನಡೆಯುವಷ್ಟು ಹೊತ್ತೂ ಎದ್ದು ಹೋಗುವಂತಿಲ್ಲ, ಕೆಮ್ಮು ಬಂದರೆ ನುಂಗಿಕೊಳ್ಳಬೇಕು. ಬುತ್ತಿ ಬಿಚ್ಚಿದರೆ ಎಡಗೈಯಲ್ಲಿ ತಿನ್ನಬೇಕು, ಬಲಗೈ ಗುಂಡಿಗಳ ಮೇಲೇ ಇರಬೇಕು. ಮನೆಯಲ್ಲಿ ಗಂಡ, ವೃತ್ತಿಯಿಂದ ದರ್ಜಿ, ಸಂಜೆ ಟೀ ಮಾಡಿಟ್ಟು ಕಾಯುತ್ತಾರೆ. "ಇವಳ ಮುಂದೆ ನಾನು ಮಾತಾಡ್ಬೇಕಾದ್ರೂ ಕೈಯೆತ್ತಿ ಕೇಳ್ಬೇಕು ಸಾರ್," ಎಂಬುದು ಅವರ ಹಳೆಯ ತಮಾಷೆ.

ಮೈಕಮ್ಮನಿಗೆ ಸದಸ್ಯರ ಮುಖಕ್ಕಿಂತ ದನಿಯ ಪರಿಚಯ ಹೆಚ್ಚು. ದೀಪ ಹೊತ್ತಿದೆಯೆಂದು ಮರೆತು ಹೆಂಡತಿಯ ಜೊತೆ ಫೋನಿನಲ್ಲಿ ಮಾತಾಡಿದವರು, ಗೊರಕೆ ಹೊಡೆದವರು, ತಮ್ಮದೇ ನಾಯಕರನ್ನು ಬೈದವರು ಎಲ್ಲರ ಮಾನವನ್ನೂ ಅವರು ಕಣ್ಣು ಮಿಟುಕಿಸುವಷ್ಟರಲ್ಲಿ ಗುಂಡಿ ತೆಗೆದು ಉಳಿಸಿದ್ದಾರೆ. ಆಡಳಿತ ಪಕ್ಷದಲ್ಲಿ ಒಬ್ಬ ದಪ್ಪ ದನಿಯ ಸದಸ್ಯರಿದ್ದಾರೆ. ಸಿಬ್ಬಂದಿ ಅವರನ್ನು ಗುಡುಗು ಸಾಹೇಬರು ಎನ್ನುತ್ತಾರೆ. "ಅವರಿಗೆ ಮೈಕ್ ಬೇಡ, ಮುಚ್ಚಳ ಬೇಕು," ಎನ್ನುತ್ತಾ ಮೈಕಮ್ಮ ದನಿ ಏರಿಸಿ ಇಳಿಸುವ ಅವರ ತಿರುಗುಗುಂಡಿಯನ್ನು ಪೂರ್ತಿ ಕೆಳಗಿಳಿಸಿಡುತ್ತಾರೆ. ಗುಡುಗು ಸಾಹೇಬರ ಆಸನದಿಂದ ನಡುದಾರಿ ದಾಟಿದರೆ ಅಜ್ಜನ ಆಸನ. ಅಜ್ಜನ ದನಿಯಾದರೋ ಪಕ್ಕದವರಿಗೂ ಕೇಳಿಸದಷ್ಟು ಮೆದು. ಅವರ ಸರದಿ ಬಂದೊಡನೆ ತಿರುಗುಗುಂಡಿ ಪೂರ್ತಿ ಮೇಲೆ.

ಈ ಅಜ್ಜ ಹಿಂದೊಮ್ಮೆ ಮಳೆ ನೀರಿನಲ್ಲಿ ಕಾಲು ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಮಗ ದೊಡ್ಡ ಆಸ್ಪತ್ರೆಗೆ ಸೇರಿಸುತ್ತೇನೆಂದ. ಅಜ್ಜ ಕೇಳಲಿಲ್ಲ, ಮತ ಹಾಕಿದವರು ಹೋಗುವ ಸರ್ಕಾರಿ ಆಸ್ಪತ್ರೆಗೇ ಹೋದರು. ಅಲ್ಲಿ ಮೂಳೆ ಮುರಿದವರ ವಾರ್ಡು ಮೂರನೆಯ ಮಹಡಿಯಲ್ಲಿದೆ. ಲಿಫ್ಟು ಕೆಟ್ಟು ವರ್ಷಗಳಾಗಿವೆ. ರೋಗಿಗಳನ್ನು ಕುರ್ಚಿಯಲ್ಲಿ ಕೂರಿಸಿ ಆಯಾಗಳೇ ಹೊತ್ತು ಹತ್ತಿಸುತ್ತಾರೆ. ಅಜ್ಜನನ್ನು ಹೊತ್ತವರಲ್ಲಿ ಒಬ್ಬರು ಮೈಕಮ್ಮನ ಅಕ್ಕ.

"ಅಜ್ಜ ಹೂವಿನ ಹಾಗೆ ಹಗುರ," ಎಂದು ಅಕ್ಕ ನೆನೆಯುತ್ತಾರೆ. "ಆದ್ರೂ ಮೆಟ್ಟಿಲು ಮೆಟ್ಟಿಲಿಗೂ ಕ್ಷಮೆ ಕೇಳ್ತಿದ್ರು. ನಾನಂದೆ, ಕ್ಷಮೆ ಗಿಮೆ ಬೇಡ ಅಜ್ಜ, ಲಿಫ್ಟ್ ಕೇಳಿ ಕೊಡಿ ಅಂತ."

ಅಜ್ಜ ಕೇಳಲು ಹೊರಟರು. ಸದನದಲ್ಲಿ ಪ್ರಶ್ನೆಗಳಿಗೆ ಚೀಟಿ ಎತ್ತುತ್ತಾರೆ. ಅದರಲ್ಲಿ ಮೇಲೆ ಬಂದವರ ಪ್ರಶ್ನೆಗೆ ಮಾತ್ರ ಸಚಿವರು ಎದ್ದು ನಿಂತು ಬಾಯಿಮಾತಿನಲ್ಲಿ ಉತ್ತರ ಕೊಡಬೇಕು, ಸದಸ್ಯರು ಮತ್ತೆ ಕೆದಕಿ ಕೇಳಬಹುದು. ಉಳಿದವರಿಗೆ ಮುದ್ರಿಸಿದ ಹಾಳೆ. ಅಜ್ಜನಿಗೆ ಪ್ರತಿ ಸಲವೂ ಹಾಳೆಯೇ ಸಿಕ್ಕಿತು, ಅದರಲ್ಲಿ ಪ್ರತಿ ಸಲವೂ 'ಪರಿಶೀಲಿಸಲಾಗುತ್ತಿದೆ' ಎಂಬ ಒಂದೇ ಪದ. ಒಮ್ಮೆ ಸರದಿ ಹತ್ತಿರ ಬಂದಾಗ ಸದನದಲ್ಲಿ ಗದ್ದಲವೆದ್ದು ಪ್ರಶ್ನೋತ್ತರ ವೇಳೆಯೇ ಮುಳುಗಿತು. ಅಕ್ಕ ದಿನವೂ ಸಂಜೆ ಫೋನು ಮಾಡಿ ಕೇಳುವರು: "ಬಂತೇನೇ ನಮ್ಮಜ್ಜನ ಸರದಿ? ನನ್ನ ಭುಜ ಕೇಳ್ತಿದೆ."

ಕೊನೆಗೆ ಬಂತು. ಪಟ್ಟಿಯಲ್ಲಿ ಅಜ್ಜನದೇ ಮೊದಲ ಪ್ರಶ್ನೆ. ಅದಕ್ಕೆ ಇನ್ನೊಂದೇ ದಿನ ಉಳಿದಿರುವಾಗ ಅಜ್ಜನಿಗೆ ಭಗವಂತನ ಕರೆ ಬಂತು.

ಸುದ್ದಿ ಬಂದ ದಿನ ಸದನ ಎದ್ದು ನಿಂತು ಮೌನ ಆಚರಿಸಿ, ಒಳ್ಳೆಯ ಮಾತುಗಳನ್ನಾಡಿ ಮನೆಗೆ ಹೋಯಿತು. ಸಂಜೆ ಅಕ್ಕ ಫೋನಿನಲ್ಲಿ ಅತ್ತರು. ಕೇಳಿದವರು ತೀರಿಕೊಂಡರೆ ಪ್ರಶ್ನೆಯೂ ಅವರ ಜೊತೆಗೇ ಬಿದ್ದುಹೋಗುತ್ತದೆ. ಅದು ಸದನದ ನಿಯಮ. ಬೇರೆಯವರು ಕೇಳಬೇಕೆಂದರೆ ಮುಂದಿನ ಅಧಿವೇಶನ, ಮತ್ತೆ ಚೀಟಿ, ಮತ್ತೆ ಅದೃಷ್ಟ. "ಅಜ್ಜನ ಜೊತೆ ನಮ್ಮ ಲಿಫ್ಟೂ ಮೇಲಕ್ಕೆ ಹೋಯ್ತು ಬಿಡೇ," ಎಂದು ಅಳುವಿನ ನಡುವೆಯೇ ಅಕ್ಕ ನಕ್ಕುಬಿಟ್ಟರು.

ಮರುದಿನ ಗಾಜಿನ ಕೋಣೆಯಲ್ಲಿ ಮೈಕಮ್ಮ ನೆಟ್ಟಗೆ ಕೂತಿದ್ದಾರೆ. ಪಟ್ಟಿ ಮೊದಲೇ ಅಚ್ಚಾಗಿತ್ತಾದ್ದರಿಂದ ಸಭಾಧ್ಯಕ್ಷರು ಪದ್ಧತಿಯಂತೆ ಪ್ರಶ್ನೆಯ ಸಂಖ್ಯೆ ಓದಿ, ಅಜ್ಜನ ಹೆಸರು ಹೇಳಿ, ಅದು ಬಿದ್ದುಹೋಗಿದೆ ಎಂದು ತಿಳಿಸಬೇಕು. ಸಂಖ್ಯೆ ಓದಿದರು. ಹೆಸರು ಹೇಳಿದರು. ಉಸಿರೆಳೆದುಕೊಳ್ಳಲು ಅರೆಗಳಿಗೆ ನಿಂತರು.

ಆ ಅರೆಗಳಿಗೆಯಲ್ಲಿ ಮೈಕಮ್ಮನ ಬೆರಳು ಗುಂಡಿ ಒತ್ತಿತು. ಹೆಸರು ಕಿವಿಗೆ ಬಿದ್ದೊಡನೆ ಬೆರಳು ಹೋಗುವುದು ಎಷ್ಟೋ ವರ್ಷಗಳ ರೂಢಿ. ತಲೆಯನ್ನು ಕೇಳಿಕೊಂಡು ಅದು ಹೋಗುವುದಿಲ್ಲ. ಇನ್ನೊಂದು ಕೈ ತಿರುಗುಗುಂಡಿಯನ್ನು ಪೂರ್ತಿ ಮೇಲೇರಿಸಿಯೂ ಆಗಿತ್ತು.

ಹಿಂದಿನ ಸಾಲಿನ ತುದಿಯಲ್ಲಿ, ಖಾಲಿ ಆಸನದ ಮುಂದೆ, ಕೆಂಪು ದೀಪ ಹೊತ್ತಿತು.

ಸದನ ತಿರುಗಿ ನೋಡಿತು. ಸಭಾಧ್ಯಕ್ಷರೂ ಹೇಳುವುದನ್ನು ಬಿಟ್ಟು ಹಾಳೆಯಿಂದ ತಲೆಯೆತ್ತಿ ಅತ್ತ ನೋಡಿದರು. ಮೈಕಮ್ಮನಿಗೆ ತೆಗೆಯಬೇಕು ಎಂದು ಗೊತ್ತು, ಬೆರಳು ಏಳಲೊಲ್ಲದು. ಅಷ್ಟರಲ್ಲಿ ಗುಡುಗು ಸಾಹೇಬರು ಎದ್ದರು. ನಡುದಾರಿ ದಾಟಿ ಅಜ್ಜನ ಆಸನದ ಪಕ್ಕ ಹೋಗಿ ನಿಂತು, ಮೈಕಿನತ್ತ ಬಾಗಿ "ಅಧ್ಯಕ್ಷರೇ" ಎಂದರು.

ಅಜ್ಜನಿಗಾಗಿ ಏರಿಸಿದ ಮೈಕಿನಲ್ಲಿ ಗುಡುಗು ಸಾಹೇಬರ ದನಿ! ಕಿಟಕಿಯ ಗಾಜುಗಳು ಝಲ್ಲೆಂದವು. ಮುಂದಿನ ಸಾಲಿನಲ್ಲಿ ಒಬ್ಬರ ಕನ್ನಡಕ ಜಾರಿತು. ಗುಡುಗು ಸಾಹೇಬರೇ ಬೆಚ್ಚಿ ಹಿಂದಕ್ಕೆ ಹಾರಿದರು. ಇಡೀ ಸದನ ಹೊಟ್ಟೆ ಹಿಡಿದುಕೊಂಡು ನಕ್ಕಿತು, ನಗುತ್ತಲೇ ಹಲವರು ಕಣ್ಣೊರೆಸಿಕೊಂಡರು. ಮತ್ತೆ ಅವರು ಬಾಗಿದರು. ಜೀವಮಾನದಲ್ಲೇ ಮೊದಲ ಸಲ, ಮಗುವನ್ನು ಮಲಗಿಸುವವರಂತೆ ಮೆಲ್ಲಗೆ ಮಾತಾಡಿದರು.

"ಅಧ್ಯಕ್ಷರೇ, ದೀಪ ಹೊತ್ತಿದೆ. ಆರಿಸೋದು ಬೇಡ. ಹಿರಿಯರ ಪ್ರಶ್ನೆ ನಾನು ಕೇಳ್ತೀನಿ, ಅಪ್ಪಣೆ ಕೊಡಿ."

ಸಭಾಧ್ಯಕ್ಷರು ಎರಡೂ ಕಡೆ ನೋಡಿದರು. ಎರಡೂ ಕಡೆಯವರು ಮೇಜು ತಟ್ಟಿದರು. ಅಪ್ಪಣೆ ಸಿಕ್ಕಿತು.

ಸಚಿವರು ಎದ್ದು ಹಾಳೆ ನೋಡಿ "ಪರಿಶೀಲಿಸಲಾಗುತ್ತಿದೆ" ಎಂದರು.

"ಮೂಳೆ ವಾರ್ಡು ಎಷ್ಟನೇ ಮಹಡೀಲಿದೆ ಸಚಿವರೇ?"

"ಮೂರನೇದು."

"ಮುರಿದ ಕಾಲಲ್ಲಿ ಮೂರು ಮಹಡಿ ಹತ್ತಿ ಹೋದವನು ವಾಸಿಯಾದವನೇ ಅಲ್ವೇ? ಅವನಿಗೆ ವಾರ್ಡ್ ಯಾಕೆ?"

ತಮ್ಮ ಪಕ್ಷದವರೇ ಹೀಗೆ ಮೆಲ್ಲಗೆ ಕುಟುಕಿದಾಗ ಸಚಿವರು ಹಾಳೆ ಮಡಚಿಟ್ಟರು. "ನಾನೇ ಹೋಗಿ ನೋಡ್ತೀನಿ," ಎಂದರು. "ಮೆಟ್ಟಿಲು ಹತ್ತಿಯೇ ನೋಡಬೇಕು," ಎಂದರು ಸಭಾಧ್ಯಕ್ಷರು. "ಬೇರೆ ದಾರಿ ಇಲ್ಲವಂತಲ್ಲ."

ಸಚಿವರು ಹೋದದ್ದು ನಿಜ. ಎರಡನೆಯ ಮಹಡಿಯಲ್ಲಿ ಏದುಸಿರು ಬಿಡುತ್ತಾ ಕಂಬಿ ಹಿಡಿದು ನಿಂತಾಗ ಅಕ್ಕ ಕುರ್ಚಿ ತಂದಿಟ್ಟರಂತೆ. "ಕೂತ್ಕೊಳ್ಳಿ ಸ್ವಾಮಿ. ಅಜ್ಜನಷ್ಟು ಹಗುರ ಇಲ್ಲ ನೀವು, ಆದ್ರೂ ಹೊರ್ತೀವಿ." ಸಚಿವರು ಕೂರಲಿಲ್ಲ. ಮೇಲೆ ಹತ್ತಿ, ಅಲ್ಲಿಂದಲೇ ಆದೇಶ ಕೊಟ್ಟರು.

ಕರೆಯದ ಮೈಕು ತೆರೆದದ್ದಕ್ಕೆ ಮೇಲಧಿಕಾರಿಗಳು ಮೈಕಮ್ಮನಿಂದ ವಿವರಣೆ ಕೇಳಿದರು. "ಕೈತಪ್ಪಿನಿಂದ ಆಯಿತು" ಎಂದಷ್ಟೇ ಮೈಕಮ್ಮ ಬರೆದುಕೊಟ್ಟರು. ಬೇಕೆಂದೇ ಹಾಕಿದಿರಾ ಎಂದು ಸಭಾಧ್ಯಕ್ಷರು ಕೋಣೆಗೆ ಕರೆಸಿ ಕೇಳಿದರು. "ಇಲ್ಲ ಸ್ವಾಮಿ. ಹಾಕಿದ್ದು ರೂಢಿ. ತೆಗೀದೆ ಇದ್ದದ್ದು ಮಾತ್ರ ನಾನು," ಎಂದರು ಮೈಕಮ್ಮ. ಇನ್ನು ಮುಂದೆ ಎಚ್ಚರವಿರಲಿ ಎಂದು ಹೇಳಿ ಸಭಾಧ್ಯಕ್ಷರು ಮುಖ ತಿರುಗಿಸಿಕೊಂಡರು. ನಗು ಬಚ್ಚಿಡಲು ಎಂದು ಮಾರ್ಷಲಣ್ಣನ ವಾದ.

ಲಿಫ್ಟು ಈಗ ಓಡುತ್ತಿದೆ. ಅಕ್ಕನ ಭುಜದ ನೋವು ಪೂರ್ತಿ ಹೋಗಿಲ್ಲ, ಆದರೆ ಹೆಚ್ಚುತ್ತಿಲ್ಲ. "ಒಂದ್ಸಲ ಬಂದು ಕೂತು ಹೋಗೇ, ರಾಣಿ ಹಾಗೆ ಮೇಲೆ ಕರ್ಕೊಂಡು ಹೋಗ್ತೀನಿ," ಎಂದು ತಂಗಿಯನ್ನು ಕರೆಯುತ್ತಿರುತ್ತಾರೆ. ಅಧಿವೇಶನ ಮುಗಿಯಲಿ ಎನ್ನುವುದು ತಂಗಿಯ ಉತ್ತರ.

ತಮಗೆ ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ಮೈಕಮ್ಮ ಗಾಜಿನ ಕೋಣೆಯ ಮೂಲೆ ತೋರಿಸುತ್ತಾರೆ. "ಇಲ್ಲೊಂದು ಸಣ್ಣ ಕಿಟಕಿ ಆದ್ರೆ ಸಾಕು. ಯಾರಾದ್ರೂ ಸದಸ್ಯರು ಕೇಳ್ಲಿ. ನಾನಂತೂ ಮೈಕ್ ಹಾಕಿಕೊಡ್ತೀನಿ."

ಅಜ್ಜನ ಜಾಗಕ್ಕೆ ಇನ್ನೂ ಯಾರೂ ಆರಿಸಿ ಬಂದಿಲ್ಲ. ಆ ಮೈಕನ್ನು ಪರೀಕ್ಷಿಸಬೇಕಾದ ಅಗತ್ಯವೂ ಇಲ್ಲ. ಆದರೂ ಬೆಳಕು ಹರಿಯುವ ಮೊದಲು ಮೈಕಮ್ಮ ಅಲ್ಲಿ ನಿಂತೇ ಮುಂದೆ ಹೋಗುತ್ತಾರೆ. "ಕೇಳಿಸ್ತಿದೆಯಾ?" ಎನ್ನುತ್ತಾರೆ. ಬಾಗಿಲಲ್ಲಿ ಮಾರ್ಷಲ್ ಕೈ ಎತ್ತುತ್ತಾರೆ. ಆಮೇಲೆ ಮೈಕಮ್ಮ ಕಣ್ಣು ಮುಚ್ಚಿ, ಮೈಕಿನಿಂದ ಮುಖ ಆಚೆ ತಿರುಗಿಸಿ, ತುಟಿಯೊಳಗೇ ಇನ್ನೊಂದು ಮಾತು ಹೇಳಿಕೊಳ್ಳುತ್ತಾರೆ:

ದೇವರೇ, ನಮ್ಮ ಅಜ್ಜನನ್ನ ನಿನ್ನ ಹತ್ತಿರದ ಸಾಲಲ್ಲೇ ಕೂರಿಸ್ಕೋ. ಅವರ ದನಿ ಬಹಳ ಮೆದು. ಇನ್ನೊಬ್ಬರಿಗಾಗಿ ಕೇಳಿ ಕೇಳಿ ದಣಿದಿದ್ದಾರೆ. ಇನ್ನು ಅವರು ಏನೂ ಕೇಳದ ಹಾಗೆ, ಬೇಕಾದ ಶಾಂತಿಯನ್ನ ನೀನೇ ಕೊಟ್ಟುಬಿಡು.