ಅಕ್ಕನ ಕುರಿಗಳ ಮೇವು

ಮೊನ್ನೆ ಕಬಕದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಒಂದು ಪಿಕಪ್ ಪಕ್ಕದಲ್ಲೇ ಬಂದು ನಿಂತಿತು. ಅದರಲ್ಲಿ ತುಂಬಿದ್ದದ್ದು ರಸ ಹಿಂಡಿ ಉಳಿದ ಗೇರುಹಣ್ಣಿನ ಹಿಪ್ಪೆ. ಅರ್ಧ ಸಿಹಿ, ಅರ್ಧ ಹುಳಿ ವಾಸನೆ. ಉಳಿದವರು ಮೂಗು ಮುಚ್ಚಿಕೊಂಡರು. ನನಗೆ ಕಾಣಿಯೂರಿನ ನಮ್ಮ ನೆರೆಮನೆಯ ಅಕ್ಕ ನೆನಪಾದರು...

ನಮ್ಮ ಕಡೆ ಆಡು ಸಾಕುವವರಿದ್ದಾರೆ, ಕುರಿ ಸಾಕುವವರು ಅಪರೂಪ. ಅಕ್ಕ ಹಟ ಹಿಡಿದು ಘಟ್ಟದ ಮೇಲಿನಿಂದ ಕುರಿ ತರಿಸಿದರು. "ಈ ಮಳೆಗೆ ಅವಕ್ಕೆ ಕೊಡೆ ಹಿಡಿಯುದು ಯಾರು, ನೀನಾ?" ಎಂದು ಅವರ ಗಂಡ, ನಾನು ಭಾವ ಎನ್ನುತ್ತಿದ್ದವರು, ಊರಿಡೀ ಕೇಳುವಂತೆ ನಗಾಡಿದರು. ಅಕ್ಕ ನೆಲದಿಂದ ಎತ್ತರಕ್ಕೆ ಹಲಗೆಯ ಹಟ್ಟಿ ಕಟ್ಟಿಸಿದರು.

ಮೊದಲ ವರ್ಷ ಕುರಿಗಳನ್ನು ಕೊಂದದ್ದು ಮಳೆಯಲ್ಲ, ಮೇವು. ತೋಟದಲ್ಲಿ ಬಿದ್ದ ಅಡಿಕೆ ಸೋಗೆಯ ಬುಡದ ಹಾಳೆ ಕೊಚ್ಚಿ ದನಗಳಿಗೆ ಹಾಕುವುದು ನಮ್ಮಲ್ಲಿ ಮೊದಲಿನಿಂದ ಇದ್ದದ್ದೇ. ಅಕ್ಕ ಕುರಿಗಳಿಗೂ ಅದನ್ನೇ ಹಾಕಿದರು. ಕೊಳೆರೋಗಕ್ಕೆಂದು ಪಂಪಿನಲ್ಲಿ ಅಡಿಕೆಗೆ ಸಿಂಪಡಿಸಿ ಬಿಟ್ಟ ಮದ್ದು ಹಾಳೆಗೂ ಅಂಟಿಕೊಂಡಿತ್ತು. ಕುರಿಗಳ ಕಣ್ಣು ಹಳದಿಯಾಯಿತು, ಮೂತ್ರ ಕೆಂಪಾಯಿತು, ಒಂದರ ಹಿಂದೊಂದು ಬಿದ್ದವು. ಮದ್ದಿನ ಮೈಲುತುತ್ತಿನಲ್ಲಿ ತಾಮ್ರ ಇರುತ್ತದೆ, ದನ ತಡೆದುಕೊಂಡೀತು, ಕುರಿಗೆ ಅದು ವಿಷ ಎಂದು ಪಶುವೈದ್ಯರು ಹೇಳಿದಾಗ ಅಕ್ಕ ಹಟ್ಟಿಯ ಮೆಟ್ಟಿಲಲ್ಲಿ ಕೂತು ಅತ್ತುಬಿಟ್ಟರು.

"ಉಳಿದದ್ದನ್ನಾದ್ರೂ ಮಾರು ಮಾರಾಯ್ತಿ," ಎಂದರು ಭಾವ. ಈ ಸಲ ನಗಲಿಲ್ಲ.

"ಮದ್ದು ಬಿಡದೆ ನಿಮ್ಮ ತೋಟ ಇಲ್ಲ. ಆ ತೋಟದ್ದು ತಿಂದರೆ ನನ್ನ ಕುರಿ ಇಲ್ಲ. ನಾನು ಬೇರೆ ಎಂತಾದ್ರೂ ಹುಡುಕ್ತೇನೆ."

ಹುಡುಕಿಯೇ ಬಿಟ್ಟರು. ಪುತ್ತೂರಿನ ಹತ್ತಿರ ಗೇರುಹಣ್ಣಿನ ರಸ ತೆಗೆಯುವ ಒಂದು ಕಡೆ ಹಿಪ್ಪೆಯನ್ನು ಗುಂಡಿಗೆ ಸುರಿಯುತ್ತಿದ್ದರು. ಅಕ್ಕ ಅದನ್ನು ಜೀಪಿನಲ್ಲಿ ತಂದು, ಹುಳಿಯೇಳುವ ಮೊದಲೇ ಅಂಗಳದಲ್ಲಿ ತೆಳ್ಳಗೆ ಹರವಿ, ಗರಿಗರಿ ಒಣಗಿಸಿ ಗೋಣಿ ತುಂಬಿಟ್ಟರು. ಮಳೆ ಹಿಡಿದ ಮೇಲೆ ಅದಕ್ಕೆ ತೆಂಗಿನ ಹಿಂಡಿ ಬೆರೆಸಿ, ಗುಡ್ಡದ ಹಲಸಿನ ಸೊಪ್ಪಿನ ಜೊತೆ ಹಾಕಿದರು. ಮೊದಲು ಮೂಸಿ ಹಿಂದೆ ಸರಿದ ಕುರಿಗಳು ಆಮೇಲೆ ಗೋಣಿ ಕಂಡರೆ ಸಾಕು, ಕೂಗತೊಡಗಿದವು. ಆಟಿ ತಿಂಗಳ ಜಡಿಮಳೆಯಲ್ಲಿ ಒಂದು ಕುರಿ ಮರಿ ಹಾಕಿತು. ಅಕ್ಕ ಆ ಮರಿಯನ್ನು ಸೆರಗಿನಲ್ಲಿ ಸುತ್ತಿ ತಂದು ಭಾವನ ಮಡಿಲಿಗೇ ಹಾಕಿದರು.

"ಇದಕ್ಕೆ ಕೊಡೆ ನೀವು ಹಿಡೀರಿ."

ಅಕ್ಕ ಹೋಗಿ ಕೆಲವು ವರ್ಷಗಳಾದವು. ಜ್ವರ ಎಂದು ಮಲಗಿದವರು ಏಳಲಿಲ್ಲ... ಅಂಥ ಗಟ್ಟಿಗಿತ್ತಿಯನ್ನು ನಾನು ಮತ್ತೆ ಕಂಡಿಲ್ಲ. ಆ ಮನೆಯ ಮುಂದೆ ಹಾದು ಹೋಗುವಾಗ ಈಗಲೂ ಸಂಕಟವಾಗುತ್ತದೆ. ಕಳೆದ ಮಳೆಗಾಲ ಭಾವನನ್ನು ನೋಡಲು ಹೋಗಿದ್ದೆ. ಹಟ್ಟಿಯ ಪಕ್ಕದ ತೋಟಕ್ಕೆ ಮದ್ದು ಬಿಡುವವರು ಪಂಪು ಹೂಡಿ ಸಿದ್ಧರಾಗಿದ್ದರು. ಭಾವ ಕೈ ಅಡ್ಡ ಹಿಡಿದು ನಿಲ್ಲಿಸಿದರು. ಟರ್ಪಾಲು ಹೊತ್ತು ತಂದು, ಹಟ್ಟಿಯ ಸುತ್ತ ತಾವೇ ಕಟ್ಟಲು ಶುರು ಮಾಡಿದರು.

"ಸ್ವಲ್ಪ ತಡೀರಿ," ಎಂದರು. "ಒಳಗೆ ಅವಳ ಕುರಿಗಳು ಉಂಟು."