ಬುರುಲ್ಚಾ ಕುದಿಸಿದ ಬೇರು

ಕರಕೋಲ್ ಪಟ್ಟಣದ ಮೇಲಿರುವ ನಮ್ಮ ಕಣಿವೆಯಲ್ಲಿ ಸೈರಾಷ್ ಅಂದರೆ ಎಲ್ಲರಿಗೂ ಗೊತ್ತು. ಆಕೆ ಕೀಲುನೋವಿಗೆ ವತ್ಸನಾಭಿ ಎಂಬ ವಿಷಗಿಡದ ಬೇರಿನ ಕಷಾಯ ಕೊಡುತ್ತಿದ್ದ ಮುದುಕಿ. ಆಕೆಯ ಕಣ್ಣು ಮಂಜಾದ ವರ್ಷ ಸೊಸೆ ಬುರುಲ್ಚಾ ಮೊದಲ ಸಲ ತಾನೇ ಕಷಾಯ ಮಾಡಿದಳು. ಹುಲ್ಲು ಕೊಯ್ಯುವ ಅವಸರವಿತ್ತು. ಅರ್ಧ ಗಂಟೆ ಕುದಿಸಿ ಇಳಿಸಿ, ಕೀಲುನೋವಿದ್ದ ಗಂಡ ತೊಕ್ತೊಸುನ್‌ಗೆ ಕೊಟ್ಟಳು.

ಅವನ ತುಟಿ ಜೋಮು ಹಿಡಿಯಿತು, ವಾಂತಿಯಾಯಿತು, ನಾಡಿ ದಿಕ್ಕೆಟ್ಟು ಓಡಿತು. ಪಕ್ಕದ ಮನೆಯವರ ಲಾರಿಯಲ್ಲಿ ಆಸ್ಪತ್ರೆಗೆ ಒಯ್ದರು. ನಾಲ್ಕನೆಯ ದಿನ ಬದುಕುತ್ತಾನೆಂಬ ಭರವಸೆ ಬಂತು.

ಊರವರು ಹಣೆಬರಹ ಅಂದರು. ಬುರುಲ್ಚಾ ಒಪ್ಪಲಿಲ್ಲ. ಬೇರು ಅದೇ, ಅಳತೆ ಅದೇ, ತಪ್ಪಿದ್ದೆಲ್ಲಿ? ಉಳಿದ ಬೇರನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಪಟ್ಟಣದ ಔಷಧ ಪ್ರಯೋಗಾಲಯಕ್ಕೆ ಹೋದಳು. ಅಲ್ಲಿ ಬೇರು ಪರೀಕ್ಷಿಸುವ ಜಿಪಾರ್ ಮಗಳ ವಯಸ್ಸಿನವಳು, ನಮ್ಮ ಕಡೆಯ ರೂಢಿಯಂತೆ 'ಅಪಾ', ಅಂದರೆ ಅಮ್ಮಾ, ಎಂದೇ ಕರೆದು ಕೇಳಿದಳು.

"ನೀವು ಕುದಿಸಿದ್ದು ಅರ್ಧ ಗಂಟೆ. ನಿಮ್ಮತ್ತೆ ಎಷ್ಟೊತ್ತು ಕುದಿಸ್ತಿದ್ರು, ಅಪಾ?"

ಅವಳಿಗೆ ತಿಳಿದಿರಲಿಲ್ಲ. ಮನೆಗೆ ಬಂದು ಅತ್ತೆಯನ್ನು ಕೇಳಿದಳು.

"ಕುರಿಮಾಂಸ ಎರಡು ಸಲ ಬೇಯೋವಷ್ಟು ಹೊತ್ತು," ಅಂದಳು ಸೈರಾಷ್. "ಇಪ್ಪತ್ತು ವರ್ಷ ಒಲೆ ಮುಂದೇನೇ ಇದ್ದೆಯಲ್ಲೇ, ಹೇಳ್ಬೇಕಿತ್ತಾ?"

ಬುರುಲ್ಚಾ ಮತ್ತೆ ಪ್ರಯೋಗಾಲಯಕ್ಕೆ ಹೋದಾಗ, ಹೆಚ್ಚು ಹೊತ್ತು ಕುದಿದರೆ ಬೇರಿನ ವಿಷ ಒಡೆದು ಸೌಮ್ಯವಾಗುತ್ತದೆಂದು ಜಿಪಾರ್ ವಿವರಿಸಿದಳು. ಎಷ್ಟು ಉಳಿಯಿತೆಂದು ಕಣ್ಣಳತೆಯಲ್ಲಿ ತಿಳಿಯದು ಎಂದೂ ಸೇರಿಸಿದಳು. ಬುರುಲ್ಚಾ ಅಲ್ಲೇ ಕೆಲಸ ಕೇಳಿದಳು. ಮೊದಲು ಗಾಜಿನ ಪಾತ್ರೆ ತೊಳೆದಳು, ಆಮೇಲೆ ಎಲೆ ಒತ್ತಿ ಒಣಗಿಸುವುದನ್ನೂ ಗಿಡಗಳ ಲ್ಯಾಟಿನ್ ಹೆಸರುಗಳನ್ನೂ ಕಲಿತಳು. ಆಗ ಅವಳಿಗೆ ನಲವತ್ತಾರು.

"ಸೊಸೆ ತರೋ ವಯಸ್ಸಲ್ಲಿ ಸ್ಕೂಲಿಗೆ ಹೊರಟ್ಯಾ?" ಎಂದು ನಾದಿನಿ ಕನಿಶಾಯ್ ಚುಚ್ಚಿದಳು.

"ಹೂಂ. ನಿಮ್ಮಣ್ಣ ಇನ್ನೊಂದ್ಸಲಾನೂ ಬದುಕ್ತಾನೆ ಅಂತ ನೀನು ಬರೆದುಕೊಡ್ತೀಯಾ?"

ಮೂರು ಬೇಸಿಗೆ ಒಂದೇ ಇಳಿಜಾರಿನಲ್ಲಿ ತಿಂಗಳಿಗೊಮ್ಮೆ ಬೇರು ಅಗೆದು, ದಿನಾಂಕ ಬರೆದು ಜಿಪಾರ್‌ಗೆ ಒಪ್ಪಿಸಿದಳು. ಅಕ್ಕಪಕ್ಕದ ಗಿಡಗಳಲ್ಲೇ ಒಂದರ ವಿಷ ಇನ್ನೊಂದರ ಮೂರು ಪಟ್ಟು ಇತ್ತು. ಪ್ರಯೋಗಾಲಯದ ಆ ವರದಿಯನ್ನು ಅತ್ತೆಯ ಮುಂದೆ ಕೂತು ಓದಿದಳು.

ಮುದುಕಿ ಬೇರುಗಳಿದ್ದ ಅಟ್ಟದ ಕಡೆ ಮುಖ ತಿರುಗಿಸಿದಳು. "ಹಾಗಾದ್ರೆ ನನ್ನ ಕೈಯಲ್ಲಿ ಯಾರೂ ಸಾಯದೆ ಉಳಿದದ್ದು ಹೇಗೆ?"

"ನೀವು ಒಲೆ ಆರಿಸೋಕೆ ಅವಸರ ಮಾಡ್ಲಿಲ್ಲ, ಅಪಾ. ಅದೃಷ್ಟಾನೂ ಇತ್ತು. ಇನ್ಮೇಲೆ ಕೊಡೋದು ಬೇಡ."

ಸೈರಾಷ್ ಅಟ್ಟದ ಮೇಲಿನ ಬೇರುಗಳನ್ನೆಲ್ಲ ಇಳಿಸಲು ಹೇಳಿ, ಪ್ರಯೋಗಾಲಯಕ್ಕೆ ಕಳಿಸಿದಳು. ಕೀಲುನೋವಿನವರು ಬೈದುಕೊಂಡೇ ಆಸ್ಪತ್ರೆಗೆ ಹೋದರು. ಈಗ ಶನಿವಾರ ಕಣಿವೆಯ ಹೆಂಗಸರು ಬುರುಲ್ಚಾಳ ಹತ್ತಿರ ಗಿಡ ಗುರುತಿಸುವುದನ್ನು ಕಲಿಯಲು ಬರುತ್ತಾರೆ. ಕನಿಶಾಯ್ ಮೊದಲ ಸಾಲಿನಲ್ಲೇ ಕೂರುತ್ತಾಳೆ.